ದೋಷ ಯಾರದು, ಹೊಣೆ ಯಾರದು?



ಮನುಷ್ಯನಿಗೆ ದುಃಖವೊಂದು ಒದಗಿದಾಗ ಅವನ ಮನಸ್ಸು ಪರಿಹಾರವನ್ನು ಹುಡುಕುವುದಕ್ಕೆ ಮೊದಲು ಅಪರಾಧಿಯನ್ನು ಹುಡುಕುತ್ತದೆ. ಮನೆಯಲ್ಲಿ ಅನಾಹುತವಾದರೆ ಹೊಸದಾಗಿ ಬಂದ ಸೊಸೆಯ ಕಾಲ್ಗುಣವನ್ನು ದೂರುವವರಿದ್ದಾರೆ. ವ್ಯಾಪಾರ ಕೈಕೊಟ್ಟರೆ ಯಾರದೋ ಕಣ್ಣು ಬಿದ್ದಿತೆನ್ನುವವರಿದ್ದಾರೆ. ಮಗುವೊಂದು ಎಲ್ಲ ಮಕ್ಕಳಂತೆ ಆಡದೆ, ನುಡಿಯದೆ, ನಗದೆ ಬೆಳೆಯತೊಡಗಿದರೆ ನಮ್ಮೆಲ್ಲರ ದೃಷ್ಟಿ ಒಮ್ಮೆಗೇ ಅದರ ತಾಯಿಯ ಕಡೆಗೆ ತಿರುಗುತ್ತದೆ. ಇದು ಅಶಿಕ್ಷಿತರ ದೌರ್ಬಲ್ಯವೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕೆಯ ಶ್ರೇಷ್ಠ ವಿದ್ಯಾಲಯಗಳ ಪಂಡಿತರೇ, ವಿಜ್ಞಾನದ ಹೆಸರಿನಲ್ಲಿ, ಇದೇ ತಪ್ಪನ್ನು ಮಾಡಿದರು. ಆ ಕಥೆಯನ್ನು ತಮ್ಮ ಮುಂದಿಟ್ಟು, ಅದರಿಂದ ಏಳುವ ನೈತಿಕ ಪ್ರಶ್ನೆಯೊಂದನ್ನು ತಮ್ಮೊಡನೆ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಅದಕ್ಕೆ ಮುನ್ನ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. 1978ರಲ್ಲಿ ನಾನು ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಹೊಸದಾಗಿ ಶಿಕ್ಷಕನಾಗಿ ಸೇರಿದ್ದೆ. ಒಂದನೆಯ ತರಗತಿಗೆ ಏಳು ವರ್ಷದ ಹುಡುಗನೊಬ್ಬ ಬರುತ್ತಿದ್ದ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಪಾಟಿಯನ್ನು ನೆಲದ ಮೇಲೆ ನಿಲ್ಲಿಸಿ ತಿರುಗಿಸುತ್ತ ಗಂಟೆಗಟ್ಟಲೆ ಕುಳಿತಿರುತ್ತಿದ್ದ. ಶಾಲೆಯ ಗಂಟೆ ಬಾರಿಸಿದರೆ ಎರಡೂ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ಆದರೆ ರಸ್ತೆಯಲ್ಲಿ ಒಮ್ಮೆ ಹಾದುಹೋದ ಬಸ್ಸಿನ ಸಂಖ್ಯೆಯನ್ನು ಅವನು ಎಂದೂ ಮರೆಯುತ್ತಿರಲಿಲ್ಲ. ನಾನು ಅವನ ತಾಯಿಯನ್ನು ಕರೆಸಿದೆ. ನನ್ನ ಪಾಂಡಿತ್ಯದ ಅಹಂಕಾರದಲ್ಲಿ, 'ತಾಯಿಯ ಪ್ರೀತಿ ಸಾಲದ ಮಕ್ಕಳು ಹೀಗಾಗುತ್ತವೆ, ನೀವು ಎಳೆತನದಲ್ಲಿ ಇವನನ್ನು ಎತ್ತಿ ಆಡಿಸಿಲ್ಲ' ಎಂದುಬಿಟ್ಟೆ. ಆಕೆ ಬಹಳ ಹೊತ್ತು ಸುಮ್ಮನೆ ನಿಂತಿದ್ದು, 'ನಂದೇನು ತಪ್ಪಾತ್ರೀ ಗುರುಗಳ? ಇವನ ಹಿಂದಿನ ಮೂರು ಮಕ್ಕಳನ್ನೂ ನಾನೇ ಜ್ವಾಕಿ ಮಾಡೀನಲ್ರೀ' ಎಂದರು. ನಾನು ಉತ್ತರ ಕೊಡಲಿಲ್ಲ. ಕೆಲವು ದಿನಗಳ ಬಳಿಕ ಹುಡುಗ ಶಾಲೆಗೆ ಬರುವುದು ನಿಂತಿತು. ಆ ತಾಯಿ ಕೇಳಿದ ಪ್ರಶ್ನೆಯಲ್ಲಿಯೇ ಉತ್ತರವೂ ಇತ್ತೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಆ ಬಾಲಕನ ಸ್ಥಿತಿಯನ್ನು ಇಂದು ಆಟಿಸಂ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಸ್ವಲೀನತೆ ಎಂದು ಕರೆಯುವುದು ರೂಢಿಗೆ ಬಂದಿದೆ. ತನ್ನಲ್ಲಿ ತಾನೇ ಲೀನವಾಗಿರುವುದು ಎಂದು ಅದರ ಅರ್ಥ. ಮಕ್ಕಳಲ್ಲಿ ಕಾಣುವ ಈ ಸ್ಥಿತಿಯನ್ನು ಪ್ರತ್ಯೇಕವಾಗಿ ಗುರುತಿಸಿ, ಲೋಕದ ಗಮನವನ್ನು ಅದರತ್ತ ಸೆಳೆದವರಲ್ಲಿ ಪ್ರಮುಖರು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್. 1943ರಲ್ಲಿ ಅವರು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಎಂಟು ಗಂಡು, ಮೂರು ಹೆಣ್ಣು. ಏಕಾಂತದ ಒಲವು, ಸುತ್ತಲಿನ ವಸ್ತುಗಳೂ ದಿನಚರಿಯೂ ಒಂದಿಷ್ಟೂ ಬದಲಾಗಬಾರದೆಂಬ ಹಟ, ಕೇಳಿದ ಮಾತನ್ನೇ ಮರಳಿ ನುಡಿಯುವ ಅಭ್ಯಾಸ, ಕೆಲವರಲ್ಲಿ ಬೆರಗುಗೊಳಿಸುವ ಜ್ಞಾಪಕಶಕ್ತಿ, ಇವು ಆ ಮಕ್ಕಳಲ್ಲಿ ಅವರು ಕಂಡ ಸಮಾನ ಲಕ್ಷಣಗಳು. ಈ ಮಕ್ಕಳು ಇತರರೊಡನೆ ಬೆರೆಯುವ ಸಹಜ ಶಕ್ತಿಯ ಕೊರತೆಯೊಡನೆಯೇ ಹುಟ್ಟಿದವರೆಂದು ಕ್ಯಾನರ್ ಆ ಲೇಖನದ ಕೊನೆಯಲ್ಲಿ ಅಭಿಪ್ರಾಯಪಟ್ಟರು. ಆದರೆ ಅದೇ ಲೇಖನದಲ್ಲಿ ಇನ್ನೊಂದು ಮಾತೂ ಇತ್ತು. ಈ ಮಕ್ಕಳ ತಂದೆತಾಯಿಗಳಲ್ಲಿ ಹೆಚ್ಚಿನವರು ಉನ್ನತ ವಿದ್ಯಾವಂತರು, ಅವರಲ್ಲಿ ಹೃದಯದ ಆರ್ದ್ರತೆ ಕಂಡುಬರುವುದು ಅಪರೂಪ ಎಂಬುದೇ ಆ ಮಾತು.

ಈ ಎರಡನೆಯ ಮಾತು ಮೊದಲನೆಯದನ್ನು ನುಂಗಿಹಾಕಿತು. ಮಗುವಿನ ಮನಸ್ಸಿನ ಎಲ್ಲ ಕ್ಲೇಶಗಳಿಗೂ ತಾಯಿಯ ವರ್ತನೆಯಲ್ಲಿ ಮೂಲವನ್ನು ಹುಡುಕುವ ಪ್ರವೃತ್ತಿ ಆ ಕಾಲದ ಮನಃಶಾಸ್ತ್ರದಲ್ಲಿ ಪ್ರಬಲವಾಗಿತ್ತು. 1949ರ ವೇಳೆಗೆ ಸ್ವತಃ ಕ್ಯಾನರ್ ಅವರೇ, ಈ ಮಕ್ಕಳು ಮಂಜು ಕರಗದ ರೆಫ್ರಿಜರೇಟರಿನಲ್ಲಿ ಇರಿಸಲ್ಪಟ್ಟವರಂತೆ ಬೆಳೆದವರೆಂದು ಬರೆದರು. 'ರೆಫ್ರಿಜರೇಟರ್ ತಾಯಿ' ಎಂಬ ಕ್ರೂರವಾದ ಮಾತು ಅಲ್ಲಿಂದ ಬಳಕೆಗೆ ಬಂದಿತು. 1941ರಲ್ಲಿ ತಾಯಂದಿರನ್ನು ಸಮರ್ಥಿಸಿ ಒಂದು ಗ್ರಂಥವನ್ನೇ ಬರೆದಿದ್ದವರು ಇವರು ಎಂಬುದನ್ನು ನೆನೆದರೆ, ಸಜ್ಜನರೂ ವಿದ್ವಾಂಸರೂ ಕಾಲದ ಅಭಿಪ್ರಾಯಕ್ಕೆ ಹೇಗೆ ವಶರಾಗುತ್ತಾರೆಂಬುದು ಮನದಟ್ಟಾಗುತ್ತದೆ.

ಈ ವಾದವನ್ನು ಅದರ ಪರಾಕಾಷ್ಠೆಗೆ ಒಯ್ದವರು ಬ್ರೂನೋ ಬೆಟೆಲ್‌ಹೈಮ್. ವಿಯೆನ್ನಾದಲ್ಲಿ ಹುಟ್ಟಿದ ಇವರು 1938 ಮತ್ತು 1939ರಲ್ಲಿ ನಾಜಿಗಳ ಡಾಖೌ ಹಾಗೂ ಬುಖೆನ್‌ವಾಲ್ಡ್ ಸೆರೆಶಿಬಿರಗಳಲ್ಲಿದ್ದು, ಬಿಡುಗಡೆಹೊಂದಿ ಅಮೆರಿಕೆಗೆ ಬಂದವರು. 1944ರಿಂದ 1973ರವರೆಗೆ ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಸೇರಿದ, ಮನಃಕ್ಲೇಶಕ್ಕೊಳಗಾದ ಮಕ್ಕಳ ವಸತಿಶಾಲೆಯನ್ನು ನಡೆಸಿದರು. ತಾವು ಶಿಬಿರದಲ್ಲಿ ಕಂಡ ಹತಾಶ ಬಂದಿಗಳಿಗೂ ಈ ಮಕ್ಕಳಿಗೂ ಅವರು ಸಾಮ್ಯವನ್ನು ಕಲ್ಪಿಸಿದರು. ಮಗು ಇಲ್ಲದಿದ್ದರೇ ಚೆನ್ನಾಗಿತ್ತೆಂಬ ತಂದೆತಾಯಿಗಳ ಒಳಬಯಕೆಯೇ ಈ ಸ್ಥಿತಿಯನ್ನು ತರುತ್ತದೆಂಬುದು 1967ರ ಅವರ ಗ್ರಂಥದ ತಾತ್ಪರ್ಯ. ಆದ್ದರಿಂದ ಮಗುವನ್ನು ತಂದೆತಾಯಿಗಳಿಂದ ದೂರವಿರಿಸುವುದೇ ಚಿಕಿತ್ಸೆಯೆನಿಸಿತು. ಓದುಗರು ಒಂದು ಕ್ಷಣ ಯೋಚಿಸಬೇಕು: ಮಾತನಾಡದ ಮಗುವನ್ನು ರಾತ್ರಿಹಗಲು ಸಾಕಿ ದಣಿದ ತಾಯಿಯೊಬ್ಬಳಿಗೆ, 'ನಿನ್ನ ಮಗುವಿನ ಪಾಲಿಗೆ ನೀನೇ ಸೆರೆಶಿಬಿರದ ಕಾವಲುಗಾರ್ತಿ' ಎಂದು ಹೇಳಿದಂತಾಯಿತಲ್ಲವೇ? ಬೆಟೆಲ್‌ಹೈಮರ ಗ್ರಂಥವನ್ನು ಜನ ಮೆಚ್ಚಿ ಓದಿದರು. 1990ರಲ್ಲಿ ಅವರು ತೀರಿಕೊಂಡ ಬಳಿಕ, ಆ ಶಾಲೆಯಲ್ಲಿದ್ದ ಕೆಲವರು ಅವರು ತಮ್ಮನ್ನು ಹೊಡೆಯುತ್ತಿದ್ದರೆಂದು ಬಹಿರಂಗವಾಗಿ ಬರೆದರು.

ಇಷ್ಟು ದೊಡ್ಡ ವಿದ್ವಾಂಸರು ಎಡವಿದ್ದೆಲ್ಲಿ? ಇದನ್ನು ಪರಿಶೀಲಿಸುವುದು ಅವಶ್ಯಕ. ಏಕೆಂದರೆ ನಾವು ದಿನನಿತ್ಯದ ಬಾಳಿನಲ್ಲಿ ಎಡವುವುದೂ ಅಲ್ಲಿಯೇ. ಮೊದಲನೆಯದಾಗಿ, 1940ರ ದಶಕದಲ್ಲಿ ಬಾಲ್ಟಿಮೋರಿನ ತಜ್ಞರವರೆಗೆ ಮಗುವನ್ನು ಕರೆತರಲು ಶಕ್ತಿಯಿದ್ದವರು ಬಹುಮಟ್ಟಿಗೆ ವಿದ್ಯಾವಂತರು, ಉಳ್ಳವರು. ಕೂಲಿಕಾರನ ಮಗು ಅಲ್ಲಿಗೆ ತಲುಪಲೇ ಇಲ್ಲ. ಬಾಗಿಲವರೆಗೆ ಬಂದವರನ್ನಷ್ಟೇ ಎಣಿಸಿ, ಊರಿನಲ್ಲೆಲ್ಲ ಇರುವವರು ಇಂಥವರೇ ಎಂದು ತೀರ್ಮಾನಿಸಿದಂತಾಯಿತು. ಎರಡನೆಯದಾಗಿ, ಕಾರ್ಯ ಕಾರಣಗಳು ಸ್ಥಾನಪಲ್ಲಟಗೊಂಡವು. ಎತ್ತಿಕೊಂಡರೆ ಸೆಟೆದುಕೊಳ್ಳುವ, ನಕ್ಕರೆ ನಗದ, ಕರೆದರೆ ತಿರುಗದ ಮಗುವಿನೊಡನೆ ವರ್ಷಗಳನ್ನು ಕಳೆದ ತಾಯಿ ಸಂಕೋಚಗೊಂಡು ಮಂಕಾಗಿ ತೋರಿದರೆ, ಆ ಮಂಕು ಮಗುವಿನ ಸ್ಥಿತಿಯ ಫಲವಾಗಿರಬಹುದಲ್ಲವೇ? ವೈದ್ಯರ ಕಣ್ಣಿಗೆ ಬಿದ್ದದ್ದು ಫಲ. ಅವರು ಅದನ್ನೇ ಬೀಜವೆಂದರು. ಮೂರನೆಯದಾಗಿ, ಅದೇ ತಾಯಿಯ ಅದೇ ಮಡಿಲಲ್ಲಿ ಬೆಳೆದ ಉಳಿದ ಮಕ್ಕಳು ಹೆಚ್ಚಾಗಿ ಚೆನ್ನಾಗಿಯೇ ಇದ್ದರು. ಹಳ್ಳಿಯ ತಾಯಿ ನನ್ನನ್ನು ಕೇಳಿದ್ದೂ ಇದನ್ನೇ.

ಈ ಪ್ರಶ್ನೆಯನ್ನು ವಿಜ್ಞಾನದ ಭಾಷೆಯಲ್ಲಿ ಕೇಳಿದವರು ಒಬ್ಬ ತಂದೆ. ಅಮೆರಿಕೆಯ ನೌಕಾಪಡೆಯಲ್ಲಿ ಮನೋವಿಜ್ಞಾನಿಯಾಗಿದ್ದ ಬರ್ನಾರ್ಡ್ ರಿಮ್‌ಲಾಂಡರಿಗೆ 1956ರಲ್ಲಿ ಹುಟ್ಟಿದ ಮಗನಲ್ಲಿ ಈ ಲಕ್ಷಣಗಳು ಕಂಡವು. ತನ್ನ ಹೆಂಡತಿ ಮಗುವನ್ನು ಪ್ರೀತಿಸದವಳೆಂಬ ಶಾಸ್ತ್ರದ ಮಾತನ್ನು ಅವರ ಕಣ್ಣೇ ಒಪ್ಪಲಿಲ್ಲ. ಅವರು ದೊರೆತ ಪ್ರಬಂಧಗಳನ್ನೆಲ್ಲ ಓದಿ, 1964ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ, ಇದರ ಮೂಲ ಮಿದುಳಿನ ಬೆಳವಣಿಗೆಯಲ್ಲಿದೆಯೆಂದು ವಾದಿಸಿದರು. ಅದಕ್ಕೆ ಮುನ್ನುಡಿ ಬರೆದವರು ಕ್ಯಾನರ್! 1969ರಲ್ಲಿ ವಾಷಿಂಗ್‌ಟನ್ನಿನಲ್ಲಿ ಸೇರಿದ್ದ ತಂದೆತಾಯಿಗಳ ಸಭೆಯಲ್ಲಿ ಕ್ಯಾನರ್ ಎದ್ದುನಿಂತು, ನಿಮ್ಮನ್ನು ನಿರ್ದೋಷಿಗಳೆಂದು ಸಾರುತ್ತೇನೆಂಬ ಅರ್ಥದ ಮಾತುಗಳನ್ನಾಡಿದರು. 1977ರಲ್ಲಿ ಲಂಡನ್ನಿನ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ ಇಪ್ಪತ್ತೊಂದು ಜೊತೆ ಅವಳಿಗಳ ಅಧ್ಯಯನವನ್ನು ಪ್ರಕಟಿಸಿದರು. ತದ್ರೂಪಿ ಅವಳಿಗಳ ಹನ್ನೊಂದು ಜೊತೆಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಸ್ವಲೀನತೆಯಿತ್ತು. ತದ್ರೂಪಿಗಳಲ್ಲದ ಹತ್ತು ಜೊತೆಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಎರಡು ಬಗೆಯ ಅವಳಿಗಳೂ ಒಂದೇ ಮನೆಯಲ್ಲಿ, ಒಬ್ಬಳೇ ತಾಯಿಯ ಕೈಯಲ್ಲಿ ಬೆಳೆದವರಾದುದರಿಂದ, ವ್ಯತ್ಯಾಸದ ಮೂಲ ಆನುವಂಶಿಕತೆಯಲ್ಲಿದೆಯೆಂಬುದು ಸ್ಪಷ್ಟವಾಯಿತು. ಮುಂದಿನ ದೊಡ್ಡ ದೊಡ್ಡ ಅಧ್ಯಯನಗಳು ಈ ಮಾತನ್ನು ದೃಢಪಡಿಸಿವೆ. ಈ ಸ್ಥಿತಿಯಲ್ಲಿ ನೂರಾರು ವಂಶವಾಹಿಗಳ ಪಾತ್ರವಿದೆಯೆಂದು ಈಗ ತಿಳಿದಿದೆ.

ನಾನು ಆ ತಾಯಿಯನ್ನು ನಿಂದಿಸಿದ್ದು 1978ರಲ್ಲಿ. ಬಾಲ್ಟಿಮೋರಿನ ವೈದ್ಯರು ಒಂಬತ್ತು ವರ್ಷಗಳ ಹಿಂದೆಯೇ ಕೈಬಿಟ್ಟಿದ್ದ ಮಾತನ್ನು ನಾನು ನಮ್ಮ ಹಳ್ಳಿಯ ಶಾಲೆಯಲ್ಲಿ ಹೊಸ ವಿಜ್ಞಾನವೆಂಬಂತೆ ಉಪದೇಶಿಸಿದ್ದೆ. ಅಪವಾದ ಬೇಗ ಊರೂರು ತಿರುಗುತ್ತದೆ. ಅದರ ನಿರಾಕರಣೆ ನಿಧಾನವಾಗಿ, ಬಹಳ ಬಾರಿ ಬಾರದೆಯೇ ಉಳಿಯುತ್ತದೆ.

ಇಲ್ಲಿ ಚಿಂತನಶೀಲ ಓದುಗರೊಬ್ಬರು ಆಕ್ಷೇಪವೆತ್ತಬಹುದು: 'ಹಾಗಾದರೆ ಸಾಕುವ ರೀತಿಗೂ ಮಗುವಿನ ಮನಸ್ಸಿಗೂ ಸಂಬಂಧವೇ ಇಲ್ಲವೆ? ಪ್ರೀತಿಯಿಲ್ಲದೆ ಬೆಳೆದ ಮಗುವಿಗೆ ಹಾನಿಯಾಗುವುದಿಲ್ಲವೆ?' ಆಗುತ್ತದೆ, ಘೋರವಾಗಿ ಆಗುತ್ತದೆ. 1989ರಲ್ಲಿ ರುಮೇನಿಯಾ ದೇಶದಲ್ಲಿ ಚೌಷೆಸ್ಕುವಿನ ಆಳ್ವಿಕೆ ಉರುಳಿದಾಗ, ಅಲ್ಲಿಯ ಅನಾಥಾಲಯಗಳಲ್ಲಿ ಎತ್ತಿಕೊಳ್ಳುವವರಿಲ್ಲದೆ ತೊಟ್ಟಿಲಲ್ಲೇ ದಿನಗಳೆದ ಸಾವಿರಾರು ಮಕ್ಕಳನ್ನು ಲೋಕ ಕಂಡಿತು. ಅವರಲ್ಲಿ ಇಂಗ್ಲೆಂಡಿಗೆ ದತ್ತುಹೋದ ಮಕ್ಕಳನ್ನು ಅದೇ ಮೈಕೆಲ್ ರಟ್ಟರ್ ಮತ್ತು ಅವರ ಸಹೋದ್ಯೋಗಿಗಳು ವರ್ಷಾನುವರ್ಷ ಅನುಸರಿಸಿ ಅಧ್ಯಯನ ಮಾಡಿದರು. ಆರು ತಿಂಗಳಿಗಿಂತ ಹೆಚ್ಚುಕಾಲ ಅಂಥ ಸ್ಥಿತಿಯಲ್ಲಿದ್ದವರಲ್ಲಿ ಕೆಲವರಿಗೆ ಸ್ವಲೀನತೆಯನ್ನು ಹೋಲುವ ಲಕ್ಷಣಗಳು ಕಾಣಿಸಿದವು. ತಾಯಂದಿರನ್ನು ದೋಷಮುಕ್ತಗೊಳಿಸಿದ ವಿಜ್ಞಾನಿಯೇ, ಅನಾದರದಿಂದಾಗುವ ಹಾನಿಯನ್ನೂ ಮುಚ್ಚಿಡದೆ ಹೇಳಿದರು. ಸತ್ಯನಿಷ್ಠೆಯೆಂದರೆ ಇದು.

ಆದರೆ ತರ್ಕದ ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಬೆಂಕಿ ತಗುಲಿದರೆ ಬೊಕ್ಕೆ ಏಳುತ್ತದೆ. ಬೊಕ್ಕೆ ಎದ್ದ ಕಡೆಯಲ್ಲೆಲ್ಲ ಬೆಂಕಿ ತಗುಲಿತ್ತೆನ್ನಲಾಗದು. ಅನಾದರ ಮಗುವನ್ನು ನೋಯಿಸುತ್ತದೆ. ನೊಂದಂತೆ ತೋರುವ ಮಗುವೆಲ್ಲ ಅನಾದರಕ್ಕೆ ಗುರಿಯಾದುದೆಂದು ಹೇಳಲು ಯಾವ ಆಧಾರವೂ ಇಲ್ಲ. ಇಷ್ಟು ಸರಳವಾದ ವಿವೇಕವನ್ನು ಕಳೆದುಕೊಂಡುದರಿಂದ ಎರಡು ದಶಕಗಳ ಕಾಲ ಸಾವಿರಾರು ತಾಯಂದಿರು ಮಾಡದ ತಪ್ಪಿಗೆ ಕಣ್ಣೀರಿಟ್ಟರು.

ಅಪರಾಧಿಯನ್ನು ಹುಡುಕುವ ಚಪಲ ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಿಂದ ಒಳಬರುತ್ತದೆ. 1998ರಲ್ಲಿ ಇಂಗ್ಲೆಂಡಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಹನ್ನೆರಡು ಮಕ್ಕಳ ಕುರಿತ ಲೇಖನವೊಂದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿ, ದಡಾರ ಮೊದಲಾದ ರೋಗಗಳ ಲಸಿಕೆಯ ಮೇಲೆ ಸಂಶಯ ಹುಟ್ಟಿಸಿದರು. ಲಕ್ಷಾಂತರ ಮಕ್ಕಳನ್ನು ಒಳಗೊಂಡ ಅಧ್ಯಯನಗಳು ಅಂಥ ಸಂಬಂಧವೇ ಇಲ್ಲವೆಂದು ತೋರಿಸಿದವು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ವೇಕ್‌ಫೀಲ್ಡರ ವೈದ್ಯವೃತ್ತಿಯ ಪರವಾನಿಗೆಯೂ ರದ್ದಾಯಿತು. ಅಷ್ಟರಲ್ಲಿ, 'ನಾನೇ ಕೈಯಾರೆ ನನ್ನ ಮಗುವಿಗೆ ಲಸಿಕೆ ಹಾಕಿಸಿ ಹಾಳುಮಾಡಿದೆ' ಎಂದು ತಾಯಂದಿರು ಎದೆ ಬಡಿದುಕೊಂಡಾಗಿತ್ತು. ಲಸಿಕೆ ತಪ್ಪಿದ ಮಕ್ಕಳಿಗೆ ದಡಾರ ಬಂದಾಗಿತ್ತು. ತಾಯಂದಿರನ್ನು ಒಂದು ಅಪವಾದದಿಂದ ಪಾರುಮಾಡಿದ ರಿಮ್‌ಲಾಂಡರೇ ಕೊನೆಗಾಲದಲ್ಲಿ ಲಸಿಕೆಯ ಅಪವಾದವನ್ನು ನಂಬಿದರು. ಒಮ್ಮೆ ಸತ್ಯ ಕಂಡವನಿಗೆ ಮತ್ತೆ ಭ್ರಮೆ ಕವಿಯದೆಂಬ ಭರವಸೆಯಿಲ್ಲ. ವಿವೇಕವನ್ನು ದಿನವೂ ಬೆಳಗಬೇಕು.

ಈಗ ಮೂಲ ಪ್ರಶ್ನೆಗೆ ಬರೋಣ. ಕಾರಣ, ದೋಷ, ಹೊಣೆ ಎಂಬ ಮೂರು ಮಾತುಗಳನ್ನು ನಾವು ಒಂದೇ ಎಂಬಂತೆ ಬಳಸುತ್ತೇವೆ. ಅವು ಬೇರೆಬೇರೆ. ಕಾರಣವೆಂಬುದು ನಿಸರ್ಗದ ಸಂಗತಿ. ಮಗುವಿಗೆ ವಂಶವಾಹಿ ತಂದೆತಾಯಿಗಳಿಂದಲೇ ಬಂದಿರಬಹುದು. ದೋಷವೆಂಬುದು ಇಚ್ಛೆಗೆ ಸಂಬಂಧಪಟ್ಟದ್ದು. ತಿಳಿದು ಮಾಡಿದಲ್ಲಿ, ಮಾಡಬೇಕಾದುದನ್ನು ತಿಳಿದೂ ಬಿಟ್ಟಲ್ಲಿ ಮಾತ್ರ ದೋಷವುಂಟು. ಕಣ್ಣಿನ ಬಣ್ಣವನ್ನು ಕೊಟ್ಟ ತಂದೆ ಹೇಗೆ ಅಪರಾಧಿಯಲ್ಲವೋ ಹಾಗೆಯೇ ಇದನ್ನು ಕೊಟ್ಟವನೂ ಅಪರಾಧಿಯಲ್ಲ. ಇನ್ನು ಹೊಣೆ. ಅದು ಇವೆರಡನ್ನೂ ಅವಲಂಬಿಸಿಲ್ಲ. ದಾರಿಯಲ್ಲಿ ಬಿದ್ದವನನ್ನು ಬೀಳಿಸಿದವರು ನಾವಲ್ಲದಿದ್ದರೂ ಎತ್ತುವ ಹೊಣೆ ನಮ್ಮದಾಗುತ್ತದೆ. ದೋಷ ಹಿಂದಕ್ಕೆ ನೋಡುತ್ತದೆ, ಹೊಣೆ ಮುಂದಕ್ಕೆ ನೋಡುತ್ತದೆ. ದೋಷವನ್ನು ಒಬ್ಬಳೇ ತಾಯಿಯ ತಲೆಗೆ ಕಟ್ಟಿದರೆ ಉಳಿದವರೆಲ್ಲರೂ ಹೊಣೆಯಿಂದ ಪಾರಾಗುತ್ತಾರೆ. ನಿಂದೆಯ ರುಚಿ ಇರುವುದು ಇಲ್ಲಿಯೇ. ನಾನು ಆ ತಾಯಿಯನ್ನು ದೂರಿದ ದಿನ, ಆ ಹುಡುಗನಿಗೆ ಕಲಿಸುವ ನನ್ನ ಹೊಣೆಯನ್ನು ಆಕೆಯ ಸೆರಗಿಗೆ ಕಟ್ಟಿ ಕಳಿಸಿದ್ದೆ.

'ಇದು ಪೂರ್ವಜನ್ಮದ ಪಾಪ' ಎನ್ನುವವರೂ ನಮ್ಮಲ್ಲಿದ್ದಾರೆ. ಪರರ ಜನ್ಮಾಂತರದ ಲೆಕ್ಕಪುಸ್ತಕವನ್ನು ಓದುವ ಅಧಿಕಾರವನ್ನು ನಮ್ಮಲ್ಲಿ ಯಾರಿಗೂ ಯಾರೂ ಕೊಟ್ಟಿಲ್ಲ. ಆ ಮಾತು ಮಗುವಿಗೆ ಒಂದಕ್ಷರವನ್ನು ಕಲಿಸುವುದಿಲ್ಲ, ತಾಯಿಗೆ ಒಂದು ಗಂಟೆಯ ನಿದ್ದೆಯನ್ನು ಕೊಡುವುದಿಲ್ಲ. ಯಾವ ಮಾತಿನಿಂದ ದಯೆ ಹುಟ್ಟುವುದಿಲ್ಲವೋ, ಯಾವ ಕೆಲಸವೂ ಮುಂದುವರಿಯುವುದಿಲ್ಲವೋ ಆ ಮಾತು ಧರ್ಮದ ವೇಷ ತೊಟ್ಟಿದ್ದರೂ ಧರ್ಮವಲ್ಲ.

ಹೊಣೆಯೆಂದರೇನೆಂಬುದಕ್ಕೆ ಕ್ಯಾನರ್ ಬರೆದ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನ ಬಾಳೇ ನಿದರ್ಶನ. ಮಿಸ್ಸಿಸ್ಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ 1933ರಲ್ಲಿ ಹುಟ್ಟಿದ ಡೊನಾಲ್ಡ್ ಟ್ರಿಪ್ಲೆಟ್ ಎಂಬಾತನೇ ಅವನು. ಇನ್ನೂ ನಾಲ್ಕು ತುಂಬುವುದರೊಳಗೆ ವೈದ್ಯರ ಸಲಹೆಯಂತೆ ಅವನನ್ನು ದೂರದ ಸಂಸ್ಥೆಯೊಂದರಲ್ಲಿ ಬಿಡಲಾಯಿತು. ಸುಮಾರು ಒಂದು ವರ್ಷದ ಬಳಿಕ ತಂದೆತಾಯಿಗಳು ತಡೆಯಲಾರದೆ ಅವನನ್ನು ಮನೆಗೆ ಕರೆತಂದರು. ತಂದೆ ಮಗನ ನಡೆನುಡಿಗಳನ್ನೆಲ್ಲ ಮೂವತ್ತಮೂರು ಪುಟಗಳಲ್ಲಿ ಬರೆಸಿ ಕ್ಯಾನರರಿಗೆ ಕಳಿಸಿದರು. ಸ್ವಲೀನತೆಯ ಶಾಸ್ತ್ರ ಆರಂಭವಾದುದು ಆ ಪತ್ರದಿಂದ. ಮುಂದೆ ಬಾಲಕನನ್ನು ಕೆಲವು ವರ್ಷ ಒಬ್ಬ ರೈತದಂಪತಿಗಳ ಮನೆಯಲ್ಲಿ ಇರಿಸಲಾಯಿತು. 1945ರಲ್ಲಿ ಅಲ್ಲಿಗೆ ಹೋಗಿ ನೋಡಿದ ಕ್ಯಾನರ್ ಬೆರಗಾದರು. ಹುಡುಗನಿಗೆ ಅಳೆಯುವ ಗೀಳಿತ್ತು. ರೈತ ಅವನಿಂದ ಬಾವಿ ತೋಡಿಸಿ ಅದರ ಆಳವನ್ನು ಅಳೆದು ಹೇಳುವಂತೆ ಮಾಡಿದ್ದ. ಜೋಳದ ಸಾಲುಗಳನ್ನು ಎಣಿಸುತ್ತಲೇ ಇರುವ ಗೀಳಿತ್ತು. ಉಳುತ್ತ ಎಣಿಸುವಂತೆ ಕುದುರೆ ನೇಗಿಲುಗಳನ್ನು ಕೈಗೆ ಕೊಟ್ಟಿದ್ದ. ಆ ರೈತ ಮನಃಶಾಸ್ತ್ರವನ್ನು ಓದಿದವನಲ್ಲ. ಮಗುವಿನ ಸ್ವಭಾವದೊಡನೆ ಹೊಡೆದಾಡದೆ, ಅದಕ್ಕೊಂದು ಕಾಯಕವನ್ನು ಹುಡುಕಿಕೊಟ್ಟ, ಅಷ್ಟೆ.

ಡೊನಾಲ್ಡ್ 1958ರಲ್ಲಿ ಪದವೀಧರನಾದ. ಊರಿನ ಬ್ಯಾಂಕಿನಲ್ಲಿ ದುಡಿದ, ಕಾರು ನಡೆಸಿದ, ಗಾಲ್ಫ್ ಆಡಿದ, ಒಬ್ಬನೇ ದೇಶವಿದೇಶಗಳನ್ನು ಸುತ್ತಿದ. 2023ರಲ್ಲಿ, ತನ್ನ 89ನೆಯ ವಯಸ್ಸಿನಲ್ಲಿ, ಹುಟ್ಟಿದೂರಿನಲ್ಲಿಯೇ ಕಣ್ಮುಚ್ಚಿದ. ಅವನ ಸ್ವಲೀನತೆ ಮಾಯವಾಗಿರಲಿಲ್ಲ. ಕೊನೆಯವರೆಗೂ ಅವನ ಮಾತು ಚಿಕ್ಕದು, ದಿನಚರಿ ಕಟ್ಟುನಿಟ್ಟು. ಬದಲಾದದ್ದು ಅವನ ಸುತ್ತಲಿನ ಊರು. ಅದು ಅವನನ್ನು ತನ್ನವನೆಂದು ಭಾವಿಸಿ, ಕೀಟಲೆ ಮಾಡಬಂದವರನ್ನು ದೂರವಿಟ್ಟಿತು. ಅವನ ಮನೆತನ ಶ್ರೀಮಂತವಾದುದು, ಬ್ಯಾಂಕು ಅವರದೇ ಆಗಿತ್ತು ಎಂಬುದನ್ನೂ ಮರೆಯಬಾರದು. ಎಲ್ಲ ಮಕ್ಕಳಿಗೂ ಅಂಥ ಭಾಗ್ಯವಿಲ್ಲ. ಮಾತೇ ಬಾರದ, ದಿನದ ಎಲ್ಲ ಕೆಲಸಕ್ಕೂ ಇನ್ನೊಬ್ಬರ ನೆರವು ಬೇಕಾದ ಮಕ್ಕಳೂ ಇದ್ದಾರೆ. ಮನೆಗೆ ಸಂಪತ್ತಿಲ್ಲದಲ್ಲಿ ಸಮಾಜವೇ ಸಂಪತ್ತಾಗಿ ನಿಲ್ಲಬೇಕು. ನಮ್ಮ ದೇಶದ ಶಾಸನವೂ ಇದನ್ನು ಒಪ್ಪಿದೆ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮ ಸ್ವಲೀನತೆಯುಳ್ಳವರನ್ನು ಒಳಗೊಂಡಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಅದನ್ನು ಇಪ್ಪತ್ತೊಂದು ಬಗೆಯ ವೈಕಲ್ಯಗಳಲ್ಲಿ ಒಂದಾಗಿ ಎಣಿಸಿತು. ಆದರೆ ಶಾಸನ ಪಕ್ಕದ ಮನೆಯ ಜಗುಲಿಯನ್ನು ಹತ್ತಿಬರಲಾರದು, ನಾವು ಹತ್ತಬೇಕು.

ಆದ್ದರಿಂದ, ಬಂಧುಗಳೇ, ತಮ್ಮ ಮನೆಯಲ್ಲಿ, ಬೀದಿಯಲ್ಲಿ, ತಾವು ಕಲಿಸುವ ಶಾಲೆಯಲ್ಲಿ ಇಂಥ ಮಗುವೊಂದು ಇದ್ದರೆ ಅದರ ತಾಯಿಯನ್ನು ವಿಚಾರಣೆಗೆ ನಿಲ್ಲಿಸಬೇಡಿ. ಒಂದೂವರೆ ವರ್ಷ ತುಂಬಿದರೂ ಮಗು ಹೆಸರು ಕರೆದಾಗ ತಿರುಗದಿದ್ದರೆ, ಬೇಕಾದುದನ್ನು ಬೆರಳಿಟ್ಟು ತೋರಿಸದಿದ್ದರೆ, ಆಡಿದ ಮಾತುಗಳೂ ಮರೆಯಾಗತೊಡಗಿದರೆ, 'ತಡವಾಗಿ ಮಾತು ಬರುತ್ತದೆ ಬಿಡಿ' ಎಂದು ಕಾಲಹರಣ ಮಾಡದೆ ಮಕ್ಕಳ ವೈದ್ಯರ ಬಳಿಗೆ ಕರೆದೊಯ್ಯಲು ಹೇಳಿ. ಮೊದಲು ಕಿವಿಯ ಪರೀಕ್ಷೆಯಾಗಲಿ. ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇಂಥ ಮಕ್ಕಳನ್ನು ನೋಡುತ್ತವೆ. ಎಷ್ಟು ಬೇಗ ಕಲಿಸಲು ತೊಡಗುತ್ತೇವೆಯೋ ಅಷ್ಟು ಪ್ರಯೋಜನ. ಅದಕ್ಕಿಂತ ಸುಲಭವಾದ ಕೆಲಸವೂ ಒಂದಿದೆ. ಒಂದು ಸಂಜೆ ಆ ಮಗುವಿನ ಬಳಿ ತಾವು ಕುಳಿತು, ಅದರ ತಾಯಿಗೆ ಎರಡು ಗಂಟೆಯ ವಿಶ್ರಾಂತಿ ಕೊಡಿ. ಜಾತ್ರೆಗೆ, ಮದುವೆಗೆ, ಪ್ರಸಾದದ ಪಂಕ್ತಿಗೆ ಆ ಕುಟುಂಬವನ್ನು ಕರೆಯಿರಿ. ಮಗು ನಡುವೆ ಚೀರಿದರೆ ತಿರುಗಿ ನೋಡಬೇಡಿ.

ಆ ಹುಡುಗ ಇಂದು ಎಲ್ಲಿರುವನೋ ನಾನರಿಯೆ, ಐವತ್ತು ದಾಟಿರಬೇಕು. ಅವನ ತಾಯಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಇಷ್ಟು ತಡವಾಗಿ ಇಲ್ಲಿ ಬರೆಯುತ್ತಿದ್ದೇನೆ: ತಾಯೀ, ನಿಮ್ಮದೇನೂ ತಪ್ಪಿರಲಿಲ್ಲ. ತಪ್ಪು ನನ್ನದಾಗಿತ್ತು.